ಬದನೆಯೊಳಗಿನ ಹುಳಕ್ಕೆ ‘ಕಂಬಳಿಹುಳ’ ಅನ್ನಬಹುದಾ? (ಬೋರ್ಡಿಗೆ ಬೇಕು, ತುರ್ತು)

ಶಿರಸಿಯಿಂದ:
ಭಾನುವಾರ ನಮ್ಮೂರಲ್ಲಿ ಹಿತ್ತಲಲ್ಲಿ ತರಕಾರಿ ಬೆಳೆಯುವವರು ಸೇರುತ್ತಿದ್ದೇವೆ. ಇಂಗ್ಲಿಷಿನ ಎರಡು ಪುಟ ಕನ್ನಡಕ್ಕೆ ತರಬೇಕು, ಒಂದು ಬೋರ್ಡೂ ಬರೆಸಬೇಕು. ಪೇಂಟರ್ ನಾಳೆ ಸಂಜೆಯೊಳಗೆ ಕೊಡಿ ಅಂದಿದ್ದಾರೆ. ‘ಕ್ಯಾಟರ್‌ಪಿಲ್ಲರ್’ ಬಂದಲ್ಲೆಲ್ಲ ಕಂಬಳಿಹುಳ ಅಂತ ಹಾಕಿದ್ದೆ. ಅಮ್ಮ ಓದಿ, "ಬದನೆಕಾಯಿ ಒಳಗೆ ಕಂಬಳಿಹುಳ ಎಲ್ಲಿಂದ ಬಂತು? ಅದು ನುಗ್ಗೆ ಮರಕ್ಕೆ ಬರೋದಲ್ವಾ?" ಅಂದರು. ಕೀಡೆ ಅನ್ನಲಾ? ‘ಪೆಸ್ಟ್’ಗೆ ಕೀಟ ಸಾಕಾ?

ಕಾರವಾರದಿಂದ:
ಸಾಲದು. ಬಸವನಹುಳ, ಇಲಿ ಎರಡೂ ಪೆಸ್ಟ್, ಕೀಟ ಅಲ್ಲ. ಜೇನು ಕೀಟ, ಪೆಸ್ಟ್ ಅಲ್ಲ. ಪೀಡೆ ಅನ್ನಿ. ಕೀಡೆ ಖಂಡಿತ ಬೇಡ, ಅದು ಮರಾಠಿಯ ಕೀಡ್. ಗಡಿಯಲ್ಲಿ ಇರುವ ನಮಗೆ ಈ ನುಗ್ಗಾಟ ಈಗಾಗಲೇ ಜಾಸ್ತಿ ಆಗಿದೆ.

ಕುಮಟಾದಿಂದ:
ತಪ್ಪು. ಕೀಡೆ ಸಂಸ್ಕೃತದ ಕೀಟದ ತದ್ಭವ. ಕಟಕ ಕಡಗ ಆಯಿತು, ಅಟವಿ ಅಡವಿ ಆಯಿತು, ಹಾಗೇ ಇದು. ಮರಾಠಿಯ ಕೀಡ್ ಅದೇ ಬೇರಿನ ಇನ್ನೊಂದು ಚಿಗುರು. ಅಕ್ಕನನ್ನು ತಾಯಿ ಅನ್ನಬೇಡಿ. ಕೀಡೆ ಬೇಡ ಅನ್ನುವವರು ಪೀಡೆಯನ್ನು ಹೇಗೆ ಒಪ್ಪಿದಿರಿ? ಅದೂ ಸಂಸ್ಕೃತದ್ದೇ. ತರಕಾರಿ ಪಾರಸಿಯಿಂದ ಬಂದದ್ದು, ಅದನ್ನೂ ಅಳಿಸೋಣವಾ?

ಸಾಲವಲ್ಲದ ಮಾತೇ ಬೇಕಿದ್ದರೆ ಹುಳು ಇದೆ. ಹಳಗನ್ನಡದಲ್ಲಿ ಪುೞು, ತಮಿಳು ಮಲಯಾಳಗಳಲ್ಲಿ ಇವತ್ತಿಗೂ ಪುೞು. ತುಂಬ ಅಗಲವಾದ ಮಾತು ಅದು. ಬಸವನಹುಳವೂ ಹುಳವೇ. ಹಾವು ಕಚ್ಚಿದರೂ ‘ಹುಳ ಮುಟ್ಟಿತು’ ಅನ್ನುತ್ತೇವೆ.

ಆದರೆ ನಿಮ್ಮ ಅಮ್ಮ ಹೇಳಿದ್ದೇ ಮುಖ್ಯ. ಕಂಬಳಿ ಅಂದರೆ ಮೈಮೇಲೆ ಕೂದಲು ಇರಬೇಕು. ಬದನೆಯ ಹುಳ ನುಣ್ಣಗೆ, ನಸುಗೆಂಪು. ಪತಂಗ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೂಡಲೇ ಎಳೆ ಕುಡಿಯೊಳಗೆ ಕೊರೆದುಕೊಂಡು ಹೋಗುತ್ತದೆ. ಕುಡಿ ಬಾಡಿ ಜೋಲುತ್ತದೆ. ಕಾಯಿ ಬಿಟ್ಟ ಮೇಲೆ ಕಾಯಿಗೂ ಹೋಗುತ್ತದೆ. ಒಳಗೆ ಸೇರಿದ ಹುಳಕ್ಕೆ ಮೇಲಿನಿಂದ ಹೊಡೆದ ಬೇವಿನ ಕಷಾಯ ತಾಗುವುದಿಲ್ಲ. ಬಾಡಿದ ಕುಡಿಯನ್ನು ಹುಳದ ಸಮೇತ ಕತ್ತರಿಸಿ ಸುಡಬೇಕು. ‘ಕಂಬಳಿಹುಳ’ ಅಂತ ಓದಿದವರು ಎಲೆ ಮಗುಚಿ ಕೂದಲಿನ ಹುಳ ಹುಡುಕುತ್ತಾರೆ. ಅಷ್ಟರಲ್ಲಿ ಗಿಡ ಹೋಗಿರುತ್ತದೆ. ಇದಕ್ಕೆ ಕೃಷಿಯವರು ಬಳಸುವ ಒಳ್ಳೆ ಹೆಸರಿದೆ: ಕುಡಿ ಮತ್ತು ಕಾಯಿ ಕೊರಕ. ಏನು ಮಾಡುತ್ತದೋ ಅದೇ ಹೆಸರು.

ಕಾರವಾರದಿಂದ:
ಕೊರಕ ಒಪ್ಪಿದೆ. ಕೀಡೆ ಒಪ್ಪುವುದಿಲ್ಲ. ನಮ್ಮಲ್ಲಿ ಯಾರ ಬಾಯಲ್ಲೂ ಅದಿಲ್ಲ, ತದ್ಭವ ಆದರೂ ಅಷ್ಟೇ.

ಶಿರಸಿಯಿಂದ:
ಇಬ್ಬರಿಗೂ ಥ್ಯಾಂಕ್ಸ್. ಪುಟದಲ್ಲಿ ಬದನೆಗೆ ಕೊರಕ, ನುಗ್ಗೆಗೆ ಕಂಬಳಿಹುಳ, ಉಳಿದ ಕಡೆ ಬರೀ ಹುಳ ಅಂತ ತಿದ್ದಿದೆ. ಇಲಿ ಇರುವ ಒಂದು ಸಾಲಿಗೆ ಮಾತ್ರ ಪೀಡೆ. ಬೋರ್ಡಿಗೆ ಹೀಗೆ ಕೊಡುತ್ತಿದ್ದೇನೆ: ‘ಬಾಡಿದ ಕುಡಿ ಕತ್ತರಿಸಿ ಸುಡಿ. ಒಳಗೆ ಹುಳ ಇದೆ.’ ಘಟ್ಟದ ಕೆಳಗಿನವರೂ ಬರುತ್ತಾರೆ. ಅಲ್ಲಿ ‘ಕುಡಿ’ ಅಂದರೆ ತಿಳಿಯುತ್ತದಾ, ‘ಚಿಗುರು’ ಅನ್ನಲಾ? ಸಂಜೆ ಐದರೊಳಗೆ ಹೇಳಿ.