ಪುಟ್ಟಿ, ಪಟಾಕಿ ತರೋ ಮುಂಚೆ ಇದನ್ನ ಪೂರ್ತಿ ಓದು

ಪುಟ್ಟಿ, ನಿನ್ನ ಮೆಸೇಜು ಈಗ ನೋಡಿದೆ. ಹಿತ್ತಲಲ್ಲೇ ಪಟಾಕಿ ಹೊಡೆಯೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ, ಏನು ತರಬೇಕು, ಎಷ್ಟು ತರಬೇಕು, ನನಗಂತೂ ಭಯ ಅಂತ ಬರೆದಿದ್ದೀಯ. ಭಯ ಇರುವುದು ಒಳ್ಳೆಯದೇ. ಮೊದಲು ಒಂದು ಮಾತು ಕೇಳು. ಬತ್ತಿ ಹಚ್ಚಿದ ಮೇಲೆ ಠುಸ್ ಅಂತ ಸುಮ್ಮನಾದ ಪಟಾಕಿ ಹತ್ತಿರ ಯಾರೂ ಹೋಗಬಾರದು.

ಸಣ್ಣ ಮಾವನ ಕಣ್ಣಿನ ವಿಷಯ ಎಲ್ಲರಿಗೂ ಗೊತ್ತು. ಹೇಗಾಯಿತು ಅಂತ ನೋಡಿದವಳು ನಾನು, ಪಕ್ಕದಲ್ಲೇ ನಿಂತಿದ್ದೆ. ಅದು ಬಾಂಬೂ ಅಲ್ಲ, ರಾಕೆಟ್ಟೂ ಅಲ್ಲ, ಬರೀ ಹೂಕುಂಡ. ಬತ್ತಿ ಸುರ್ ಅಂತ ಒಳಗೆ ಹೋಗಿ ನಿಂತುಬಿಟ್ಟಿತು. ಅವನು ಸ್ವಲ್ಪ ಹೊತ್ತು ಕಾದ, ಹೊಗೆಯೂ ಕಾಣಲಿಲ್ಲ, ಬಗ್ಗಿ ಬಾಯಿಂದ ಊದಿದ. ಆಗ ಹೊತ್ತಿಕೊಂಡಿತು. ಹುಬ್ಬು, ರೆಪ್ಪೆ ಎಲ್ಲ ಸುಟ್ಟು ಕೆನ್ನೆಯ ತುಂಬಾ ಮದ್ದಿನ ಕಪ್ಪು ಚುಕ್ಕೆ, ಸಾಸಿವೆ ಎರಚಿದ ಹಾಗೆ. ಇವತ್ತಿಗೂ ಎಡಗಡೆಯಿಂದ ಯಾರಾದರೂ ಬಂದರೆ ಅವನು ಇಡೀ ಕತ್ತು ತಿರುಗಿಸಿ ನೋಡಬೇಕು.

ಮದ್ದಿಗೆ ಹೊರಗಿನ ಗಾಳಿ ಬೇಡ. ಅದರಲ್ಲಿರುವ ಪೊಟ್ಯಾಶಿಯಂ ನೈಟ್ರೇಟೇ ಆಮ್ಲಜನಕ ಕೊಡುತ್ತದೆ. ಅದಕ್ಕೇ ಮೇಲೆ ಆರಿದ ಹಾಗೆ ಕಂಡರೂ ಒಳಗೆ ಕಿಡಿ ಬದುಕಿರಬಹುದು. ಮತ್ತೆ ಹೇಳುತ್ತೇನೆ, ಠುಸ್ ಆದದ್ದರ ಹತ್ತಿರ ಹೋಗಬೇಡಿ, ಊದಬೇಡಿ, ಇನ್ನೊಂದು ಸಲ ಹಚ್ಚಬೇಡಿ. 20 ನಿಮಿಷ ಬಿಟ್ಟು, ದೂರದಿಂದಲೇ ನೀರು ಸುರಿದು, ಆಮೇಲೆ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಆವತ್ತು ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತವಳು ನಾನೊಬ್ಬಳೇ. ಪಟಾಕಿ ನೋಡೋಕೆ ಅಷ್ಟು ಜನ ಸೇರಿದ್ದರು, ಅಲ್ಲಿಗೆ ಒಬ್ಬರೂ ಬರಲಿಲ್ಲ. ಬೆಳಿಗ್ಗೆ ಬಂದವರು ನೀನು ಪಕ್ಕದಲ್ಲೇ ಇದ್ದೆಯಲ್ಲ, ತಡೆಯೋಕೆ ಆಗಲಿಲ್ವಾ ಅಂತ ನನ್ನನ್ನೇ ಕೇಳಿದರು. ಆ ಮಾತು ನನಗೆ ಇನ್ನೂ ಮರೆತಿಲ್ಲ. ಈಗ ನಾನು ಏನಾದರೂ ಹೇಳಿದರೆ ದೊಡ್ಡಮ್ಮ ಸುಮ್ನೆ ಹೆದರಿಸುತ್ತಾರೆ ಅಂತೀರಿ, ಇಲ್ಲಿ ಇಷ್ಟುದ್ದ ಬರೆದರೆ ಒಂದು ಹೆಬ್ಬೆಟ್ಟು ಒತ್ತಿ ಮುಂದೆ ಹೋಗುತ್ತೀರಿ. ಇರಲಿ ಬಿಡು.

ಅಯ್ಯೋ, ನೀನು ಕೇಳಿದ್ದು ಏನು ತರಬೇಕು ಅಂತ ಅಲ್ವಾ. ಲೈಸೆನ್ಸ್ ಇರುವ ಅಂಗಡಿಯಲ್ಲೇ ತಗೋ. ಬತ್ತಿ ಮುರಿದದ್ದು, ಡಬ್ಬ ಒದ್ದೆಯಾಗಿ ಒಣಗಿದ ಗುರುತು ಇರುವುದು ಬೇಡ. ಎಷ್ಟು ದೂರ ನಿಲ್ಲಬೇಕು ಅಂತ ಡಬ್ಬದ ಮೇಲೆ ಬರೆದಿದೆಯಾ ನೋಡು, ದುಡ್ಡು ಕೊಡುವ ಮುಂಚೆ ಅದನ್ನು ಓದು, ನಿಮ್ಮ ಹಿತ್ತಲಲ್ಲಿ ಅಷ್ಟು ಜಾಗ ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಅದು ನಿಮಗಲ್ಲ. ಹೂಕುಂಡ, ನೆಲಚಕ್ರ ಸಾಕು. ರಾಕೆಟ್ ಬೇಡವೇ ಬೇಡ, ಗಾಳಿ ಬಂದರೆ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಮೇಲೆ ಹೋಗಿ ಸಿಡಿಯುವ ಶಾಟ್ಸ್ ಬೇಕೇ ಬೇಕು ಅಂದರೆ ಒಂದೇ ಒಂದು, ಸಮತಟ್ಟು ನೆಲದಲ್ಲಿಟ್ಟು ಸುತ್ತ ಇಟ್ಟಿಗೆ ಒತ್ತಿಸಿ. ಅದು ಮಗುಚಿದರೆ ಗುಂಡು ಜನರ ಕಡೆಗೇ ಬರುತ್ತದೆ.

ಹಚ್ಚುವವರು ಒಬ್ಬರೇ, ಕುಡಿದಿರಬಾರದು, ಕನ್ನಡಕ ಹಾಕಿರಲಿ. ಜೇಬಲ್ಲಿ ಪಟಾಕಿ ಇಟ್ಟುಕೊಳ್ಳಬಾರದು. ಮಕ್ಕಳ ಕೈಗೆ ಸುರ್‌ಸುರ್ ಬತ್ತಿ ಕೊಡುವ ಮುಂಚೆ ಯೋಚಿಸು, ಅದರ ಶಾಖ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಉರಿದ ತಂತಿ ನೆಲಕ್ಕೆ ಬೇಡ, ನೀರಿಗೆ ಹಾಕಲಿ. ಚರ್ಮ ಸುಟ್ಟರೆ ಪೇಸ್ಟು ಗೀಸ್ಟು ಬಳಿಯದೆ 20 ನಿಮಿಷ ತಣ್ಣೀರಿನ ನಲ್ಲಿ ಕೆಳಗೆ ಹಿಡಿ. ಕಣ್ಣಾದರೆ ಉಜ್ಜಬಾರದು, ಸೀದಾ ಡಾಕ್ಟರ ಹತ್ತಿರ.

ಹಿತ್ತಲಿನ ಉದ್ದ ಅಗಲ ಅಳೆದು ಇಲ್ಲಿ ಹಾಕು, ಮೇಲೆ ಕೊಂಬೆ, ಕರೆಂಟು ತಂತಿ ಇದೆಯಾ ಅದನ್ನೂ ಬರಿ. ಅಲ್ಲಿವರೆಗೂ ಏನೂ ತರಬೇಡ.