ಆಸ್ಪತ್ರೆ ಬಿಲ್ 2 ಲಕ್ಷ, ಆರೋಗ್ಯ ವಿಮೆಯ ಕವರ್ 3 ಲಕ್ಷ, ಮಂಜೂರಾಗಿದ್ದು 1,02,600. ಉಳಿದದ್ದು ಎಲ್ಲಿ ಹೋಯಿತು?

ಬಿಲ್‌ಗೊಂದಲ:
ಹರ್ನಿಯಾ ಆಪರೇಷನ್, 4 ದಿನ ಅಡ್ಮಿಷನ್, ಕ್ಯಾಶ್‌ಲೆಸ್. ಪಾಲಿಸಿಗೆ ನಾಲ್ಕು ವರ್ಷ ತುಂಬಿದೆ, ಹಾಗಾಗಿ ವೇಟಿಂಗ್ ಪೀರಿಯಡ್ (ಕೆಲವು ಕಾಯಿಲೆಗಳಿಗೆ ವಿಮೆ ಸಿಗಲು ಕಾಯಬೇಕಾದ ಅವಧಿ) ತಕರಾರಿಲ್ಲ. ರೂಮ್ ಬಾಡಿಗೆ ಮಿತಿ ದಿನಕ್ಕೆ ವಿಮಾ ಮೊತ್ತದ 1%, ಅಂದರೆ 3,000. ಕೋ-ಪೇ, ಅಂದರೆ ಒಪ್ಪಿದ ಮೊತ್ತದಲ್ಲಿ ನಾವೇ ಕಟ್ಟಬೇಕಾದ ಪಾಲು, 10%. ತೆಗೆದುಕೊಂಡ ರೂಮ್ ದಿನಕ್ಕೆ 5,000ದ್ದು.

ಬಿಲ್: ರೂಮ್ 20,000. ಸರ್ಜನ್, ಅರಿವಳಿಕೆ ವೈದ್ಯರು, ಓಟಿ (ಆಪರೇಷನ್ ಥಿಯೇಟರ್) ಸೇರಿ 1,00,000. ಔಷಧಿ ಮತ್ತು ಮೆಶ್ (ಹರ್ನಿಯಾ ಜಾಗಕ್ಕೆ ಹಾಕುವ ಜಾಲರಿ) 55,000. ಸ್ಕ್ಯಾನ್, ರಕ್ತಪರೀಕ್ಷೆ 15,000. ಗ್ಲೌಸ್ ಇತ್ಯಾದಿ 10,000.

ರೂಮ್‌ನಲ್ಲಿ ಹೆಚ್ಚಾಗಿದ್ದು ದಿನಕ್ಕೆ 2,000, ನಾಲ್ಕು ದಿನಕ್ಕೆ 8,000 ತಾನೇ? ಕೈಯಿಂದ 97,400 ಕಟ್ಟಬೇಕಾಗಿ ಬಂದದ್ದು ಹೇಗೆ?

ಕ್ಲೇಮ್‌ಲೆಕ್ಕ:
ಆ 8,000 ಬರೀ ಬಾಗಿಲು. ಒಳಗಿರುವುದು 'ಪ್ರೊಪೋರ್ಷನೇಟ್ ಡಿಡಕ್ಷನ್', ಅಂದರೆ ಅನುಪಾತದ ಕಡಿತ. ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದಂತೆ ಸರ್ಜನ್ ಫೀ, ಓಟಿ ಚಾರ್ಜ್ ಕೂಡ ಏರುತ್ತವೆ. ಅದಕ್ಕೇ ಕಂಪನಿ ನಿಮ್ಮ ಮಿತಿಯನ್ನು ನೀವು ತೆಗೆದುಕೊಂಡ ರೂಮಿನ ಬಾಡಿಗೆಯಿಂದ ಭಾಗಿಸುತ್ತದೆ: 3,000 ÷ 5,000 = 60%. ರೂಮಿಗೂ, ಅದಕ್ಕೆ ಹೊಂದಿಕೊಂಡ ಖರ್ಚುಗಳಿಗೂ ಆ 60% ಮಾತ್ರ ಸಿಗುತ್ತದೆ.

ಆದರೆ ನಿಮ್ಮ ಅಂಕಿ ನೋಡಿದರೆ ಕಂಪನಿ ಕತ್ತರಿಯನ್ನು ಬೇಡದ ಕಡೆಯೂ ಆಡಿಸಿದೆ. 2020ರಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಹೊರಡಿಸಿದ ನಿಯಮದಂತೆ ಔಷಧಿ ಮತ್ತು ಕನ್ಸ್ಯೂಮಬಲ್ಸ್ (ಬಳಸಿ ಎಸೆಯುವ ಸಾಮಗ್ರಿ), ಇಂಪ್ಲಾಂಟ್, ಪರೀಕ್ಷೆಗಳು ಈ ಅನುಪಾತದ ಕಡಿತಕ್ಕೆ ಬರುವುದಿಲ್ಲ. ಐಸಿಯು ಚಾರ್ಜೂ ಬರುವುದಿಲ್ಲ. ಮೆಶ್ ಇಂಪ್ಲಾಂಟ್ ಲೆಕ್ಕಕ್ಕೆ ಸೇರುತ್ತದೆ. ಸರಿಯಾದ ಲೆಕ್ಕ: ರೂಮ್ 12,000 + ಸರ್ಜನ್, ಓಟಿ 60,000 + ಔಷಧಿ, ಮೆಶ್, ಪರೀಕ್ಷೆ ಪೂರ್ತಿ 70,000 = 1,42,000. ಇದರಲ್ಲಿ ಕೋ-ಪೇ 14,200 ಕಳೆದರೆ 1,27,800 ಬರಬೇಕಿತ್ತು.

ಅವರು ಆ 70,000ಕ್ಕೂ 60% ಹಾಕಿ 42,000 ಮಾಡಿದ್ದಾರೆ. ಒಟ್ಟು 1,14,000, ಕೋ-ಪೇ ಕಳೆದು 1,02,600. ನಿಮಗೆ ನ್ಯಾಯವಾಗಿ ಬರಬೇಕಾದದ್ದು ಇನ್ನೂ 25,200.

ಪಾಲಿಸಿಪುಟ:
ಮೇಲಿನ ಲೆಕ್ಕಕ್ಕೆ ಒಂದು ಸೇರ್ಪಡೆ. ಎಲ್ಲ ರೂಮಿಗೂ ಸರ್ಜನ್ ಫೀ ಒಂದೇ ಇರುವ ಆಸ್ಪತ್ರೆಯಾದರೆ ಆ 1,00,000ದ ಮೇಲೂ ಅನುಪಾತ ಹಾಕುವಂತಿಲ್ಲ. ಬಿಲ್ಲಿಂಗ್ ಕೌಂಟರಿನಲ್ಲಿ ರೂಮ್‌ವಾರು ದರಪಟ್ಟಿ ಕೇಳಿ. ದರ ಒಂದೇ ಎಂದಿದ್ದರೆ ಅದನ್ನೇ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಇನ್ನೂ 40,000, ಕೋ-ಪೇ ಕಳೆದರೆ 36,000, ಅದರ ಮೇಲೆ ನಿಂತಿದೆ.

ದೂರಿನ ದಾರಿ: ಮೊದಲು ಸೆಟಲ್‌ಮೆಂಟ್ ಲೆಟರ್ ತರಿಸಿಕೊಳ್ಳಿ, ಯಾವ ಸಾಲಿಗೆ ಎಷ್ಟು ಕಡಿತ, ಯಾವ ಕಾರಣಕ್ಕೆ ಎಂದು ಅದರಲ್ಲಿರಬೇಕು. ಪಾಲಿಸಿ ಪುಸ್ತಕದಲ್ಲಿ 'ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್' (ರೂಮಿಗೆ ಹೊಂದಿಕೊಂಡ ಖರ್ಚುಗಳು) ವ್ಯಾಖ್ಯೆ ಇರುವ ಪುಟದ ಫೋಟೊ ಹಾಕಿ, ಮೇಲಿನ ಲೆಕ್ಕ ಬರೆದು, ಕಂಪನಿಯ ಗ್ರೀವನ್ಸ್ ಅಧಿಕಾರಿಗೆ ಇಮೇಲ್ ಮಾಡಿ. ಟಿಪಿಎಗೆ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಫೋನ್ ಮಾಡಿ ಮಾಡಿ ಸುಸ್ತಾಗಬೇಡಿ, ಫೋನಿಗೆ ದಾಖಲೆ ಇರುವುದಿಲ್ಲ. ಜಗ್ಗದಿದ್ದರೆ ಐಆರ್‌ಡಿಎಐನ ದೂರು ತಾಣ ಬಿಮಾ ಭರೋಸಾ ಪೋರ್ಟಲ್. ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ.

ಬಿಲ್‌ಗೊಂದಲ:
ಗ್ಲೌಸ್ ಇತ್ಯಾದಿಯ ಆ 10,000? ಸೂಪರ್ ಟಾಪ್-ಅಪ್ (ಮೂಲ ಪಾಲಿಸಿಯ ಮೇಲಿನ ಹೆಚ್ಚುವರಿ ಪಾಲಿಸಿ) ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತೇ?

ಕ್ಲೇಮ್‌ಲೆಕ್ಕ:
ತಪ್ಪುತ್ತಿರಲಿಲ್ಲ. 3 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್, ವರ್ಷದ ಖರ್ಚು 3 ಲಕ್ಷ ದಾಟಿದ ಮೇಲಷ್ಟೇ ಕಣ್ಣು ಬಿಡುತ್ತದೆ. ಮೂಲ ಪಾಲಿಸಿಯಲ್ಲಾದ ಕಡಿತವನ್ನು ತುಂಬಿಕೊಡುವುದು ಅದರ ಕೆಲಸವಲ್ಲ.

10,000ದ ಬಗ್ಗೆ: ಗ್ಲೌಸ್, ಡೈಪರ್, ಕ್ರೇಪ್ ಬ್ಯಾಂಡೇಜ್, ಜೊತೆಯಲ್ಲಿದ್ದವರ ಊಟದಂಥ 68 ಬಾಬ್ತುಗಳ ಪಟ್ಟಿಯೇ ಇದೆ, ಕನ್ಸ್ಯೂಮಬಲ್ಸ್ ರೈಡರ್ (ಅವಕ್ಕೂ ಕವರ್ ಕೊಡುವ ಸೇರ್ಪಡೆ) ಇಲ್ಲದಿದ್ದರೆ ಅವು ನಿಮ್ಮ ಜೇಬಿನವೇ. ಆದರೆ ಶೂ ಕವರ್, ಕ್ಯಾಪ್, ಗೌನ್ ಬೇರೆ ಪಟ್ಟಿಯಲ್ಲಿವೆ, ರೂಮ್ ಬಾಡಿಗೆಯೊಳಗೇ ಸೇರಬೇಕಾದವು. ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಂಡರೆ ಕಂಪನಿಯನ್ನಲ್ಲ, ಆಸ್ಪತ್ರೆಯನ್ನು ಕೇಳಿ.

ಪಾಲಿಸಿಪುಟ:
ಮುಂದಿನ ರಿನ್ಯೂವಲ್‌ಗೆ: ವಿಮಾ ಮೊತ್ತ ಏರಿಸಿದರೆ ಮಿತಿಯೂ ಏರುತ್ತದೆ ಎಂದುಕೊಳ್ಳಬೇಡಿ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಮಿತಿ ವಿಮಾ ಮೊತ್ತದ 2%, ಆದರೆ ದಿನಕ್ಕೆ 5,000 ಮೀರುವಂತಿಲ್ಲ. 10 ಲಕ್ಷಕ್ಕೆ ಮಾಡಿಸಿದರೂ ಅದೇ 5,000. ಹಲವು ಪಾಲಿಸಿಗಳಲ್ಲಿ ನರ್ಸಿಂಗ್ ಚಾರ್ಜೂ ಆ ಮಿತಿಯೊಳಗೇ ಬರುತ್ತದೆ, 2,800ರ ರೂಮಿಗೆ 500 ನರ್ಸಿಂಗ್ ಸೇರಿದರೆ 3,000 ದಾಟಿತು. ಬೇರೆ ಕಂಪನಿಗೆ ಪೋರ್ಟ್ ಮಾಡುವುದಾದರೆ ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಿ. ಹಳೆಯ ನಾಲ್ಕು ವರ್ಷ ಕೈತಪ್ಪುವುದಿಲ್ಲ, ಆದರೆ ಏರಿಸಿದ ಮೊತ್ತದ ಮಟ್ಟಿಗೆ ಕಾಯುವಿಕೆ ಹೊಸದಾಗಿ ಶುರು.

ಇನ್ನೊಂದು. ಅಡ್ಮಿಷನ್‌ಗೆ ಮೊದಲಿನ ಸ್ಕ್ಯಾನ್, ಡಿಸ್ಚಾರ್ಜ್ ನಂತರದ ಔಷಧಿಯ ಬಿಲ್ ಹಾಕಿದ್ದೀರಾ? ಹಿಂದಿನ 30, ಮುಂದಿನ 60 ದಿನಗಳ ಖರ್ಚು ಸಾಮಾನ್ಯವಾಗಿ ಸಿಗುತ್ತದೆ. ಕ್ಯಾಶ್‌ಲೆಸ್ ಆದವರು ಇದನ್ನು ರೀಇಂಬರ್ಸ್‌ಮೆಂಟ್ ಎಂದು ಬೇರೆಯಾಗಿ ಹಾಕಬೇಕು, ಮತ್ತು ಹೆಚ್ಚಿನವರು ಹಾಕುವುದೇ ಇಲ್ಲ.