ಪಿಜಿಎಂ, ಸ್ಟ್ಯಾಟಿಸ್ಟಿಕಲ್ ಲರ್ನಿಂಗ್ ಎರಡೂ ಒಟ್ಟಿಗೆ ತಗೊಂಡಿದ್ದೇನೆ, ಓದಿದವರು ದಾರಿ ಹೇಳಿ

ಕೇಳಿದವರು: ಎಂ.ಟೆಕ್ ಮೊದಲ ವರ್ಷ

ಎಲ್ಲರಿಗೂ ನಮಸ್ಕಾರ. ಬಿ.ಇ. ಮಾಡಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈ ಸೆಮಿಸ್ಟರ್‌ನಲ್ಲಿ ಪ್ರಾಬಬಿಲಿಸ್ಟಿಕ್ ಗ್ರಾಫಿಕಲ್ ಮಾಡೆಲ್ಸ್ (ಪಿಜಿಎಂ, ಅಂದರೆ ಸಂಗತಿಗಳನ್ನು ನೋಡ್ ಆಗಿ, ಅವುಗಳ ಸಂಬಂಧವನ್ನು ಗೆರೆ-ಬಾಣವಾಗಿ ಬರೆದು ಸಂಭವನೀಯತೆ ಲೆಕ್ಕ ಹಾಕುವುದು), ಸ್ಟ್ಯಾಟಿಸ್ಟಿಕಲ್ ಲರ್ನಿಂಗ್ (ಡೇಟಾದಿಂದ ಕಲಿತು ಊಹಿಸುವ ವಿಧಾನಗಳು) ಎರಡೂ ಪೇಪರ್ ತಗೊಂಡಿದ್ದೇನೆ. "ಎರಡೂ ಒಟ್ಟಿಗೆ ಬೇಡ ಮಾರಾಯ" ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಕೇಳಲಿಲ್ಲ. ಈಗ ಡ್ರಾಪ್ ಮಾಡುವ ದಿನವೂ ಮುಗಿದಿದೆ.

ಮೂರು ವಾರ ಆಯ್ತು. ಕ್ಲಾಸಿನಲ್ಲಿ ಕೂತಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ರೂಮಿಗೆ ಬಂದು ಅಸೈನ್‌ಮೆಂಟ್ ತೆಗೆದರೆ ಮೊದಲ ಪ್ರಶ್ನೆಗೇ ಕೈ ಓಡುವುದಿಲ್ಲ. ಪಿಜಿಎಂಗೆ ಕೊಲ್ಲರ್, ಫ್ರೀಡ್‌ಮನ್ ಬರೆದ ಪುಸ್ತಕ 1200 ಪುಟಕ್ಕೂ ಮೇಲಿದೆ. ಅದನ್ನು ಪೂರ್ತಿ ಓದಿದವರು ಇದ್ದೀರಾ? ಎಲ್ಲಿಂದ ಶುರು ಮಾಡಿದಿರಿ? ಎಲ್ಲರೂ ಡೀಪ್ ಲರ್ನಿಂಗ್ ಅನ್ನುವ ಕಾಲದಲ್ಲಿ ಇದರಿಂದ ಉಪಯೋಗ ಇದೆಯಾ ಅಂತಲೂ ಹೇಳಿ.

ಉತ್ತರ 1: ಪಿಎಚ್.ಡಿ. ಮಾಡುವಾಗ ಓದಿದವರು

ಪೂರ್ತಿ ಓದಿದವರು ಇದ್ದೀರಾ ಅಂದಿರಲ್ಲ, ನಾನು ಓದಿದ್ದೇನೆ. ನೀವು ಓದಬೇಡಿ.

ತಮಾಷೆಗೆ ಹೇಳುತ್ತಿಲ್ಲ. ಅದು 2009ರ ಪುಸ್ತಕ, ಒಳ್ಳೆಯದೇ. ಆದರೆ ಬೇಕಾದಾಗ ತೆಗೆದು ನೋಡುವಂಥದ್ದು. ಮೊದಲಿಗೆ ಬಿಷಪ್ ಅವರ 2006ರ ಪುಸ್ತಕ "ಪ್ಯಾಟರ್ನ್ ರೆಕಗ್ನಿಶನ್ ಅಂಡ್ ಮಷೀನ್ ಲರ್ನಿಂಗ್"ನ 8ನೇ ಅಧ್ಯಾಯ ಓದಿ. ಗ್ರಾಫಿಕಲ್ ಮಾಡೆಲ್ ಬಗ್ಗೆ ಅಷ್ಟು ಕಡಿಮೆ ಪುಟದಲ್ಲಿ ಅಷ್ಟು ನೀಟಾಗಿ ಬರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಪಿಡಿಎಫ್ ಪುಕ್ಕಟೆಯಾಗಿ, ಕಾನೂನು ಪ್ರಕಾರವೇ ಸಿಗುತ್ತದೆ. ಆ ಅಧ್ಯಾಯ ಎರಡು ಸಲ ಮುಗಿದ ಮೇಲೆ ದೊಡ್ಡ ಪುಸ್ತಕಕ್ಕೆ ಹೋಗಿ, ಅದೂ ಅಸೈನ್‌ಮೆಂಟ್ ಕೇಳಿದ ಭಾಗಕ್ಕೆ ಮಾತ್ರ.

ಉತ್ತರ 2: ಈ ಪೇಪರ್ ಪಾಠ ಮಾಡುವ ಮೇಷ್ಟ್ರು

ಕ್ಲಾಸಿನಲ್ಲಿ ಅರ್ಥವಾಗಿ ರೂಮಿನಲ್ಲಿ ಆಗದಿರುವುದು ನಿಮ್ಮೊಬ್ಬರ ಕಥೆಯಲ್ಲ. ಬೋರ್ಡಿನ ಮೇಲೆ ಬಾಣ ಹಾಕಿದ ಚಿತ್ರ ನೋಡುವುದು ಸುಲಭ. ಆ ಬಾಣದ ಹಿಂದೆ ಎಷ್ಟು ಸಂಖ್ಯೆ ಅಡಗಿವೆ ಎನ್ನುವುದು ಕೈಯಲ್ಲಿ ಲೆಕ್ಕ ಮಾಡಿದಾಗಲೇ ಗೊತ್ತಾಗುವುದು. ಹೌದು ಇಲ್ಲ ಎಂಬ ಎರಡೇ ಉತ್ತರ ಇರುವ 20 ಸಂಗತಿಗಳಿವೆ ಅಂದುಕೊಳ್ಳಿ. ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ಬರೆಯಲು ಹೊರಟರೆ 10,48,576 ಸಾಲು ಬೇಕು. ಪ್ರತಿಯೊಂದಕ್ಕೂ ಹೆಚ್ಚೆಂದರೆ ಮೂರೇ ಪೇರೆಂಟ್ (ಅದರ ಕಡೆಗೆ ಬಾಣ ಬಿಟ್ಟಿರುವ ಸಂಗತಿ) ಅಂದರೆ ತಲಾ 8, ಒಟ್ಟು 160 ಸಂಖ್ಯೆಯಲ್ಲಿ ಕೆಲಸ ಮುಗಿಯಿತು. ಇಡೀ ಪೇಪರ್ ನಿಂತಿರುವುದು ಈ ಉಳಿತಾಯದ ಮೇಲೆ.

ಎಲ್ಲರೂ ಎಡವುವ ಜಾಗ ಡಿ-ಸೆಪರೇಶನ್, ಅಂದರೆ ಏನು ಗೊತ್ತಿದ್ದಾಗ ಯಾವುದಕ್ಕೂ ಯಾವುದಕ್ಕೂ ಸಂಬಂಧ ಇರುವುದಿಲ್ಲ ಎಂದು ಚಿತ್ರ ನೋಡಿಯೇ ಹೇಳುವ ನಿಯಮ. ಎರಡು ಬಾಣ ಬಂದು ಒಂದೇ ಕಡೆ ಸೇರುವ ಆಕಾರ ಇದೆಯಲ್ಲ, ಕೊಲೈಡರ್, ಅದರಲ್ಲೇ ಮಾರ್ಕ್ಸ್ ಹೋಗುವುದು. ಒಂದು ಲೆಕ್ಕ ಕೊಡುತ್ತೇನೆ, ಪೆನ್ನು ಹಿಡಿದು ಮಾಡಿ.

ಮನೆಯ ಓವರ್‌ಹೆಡ್ ಟ್ಯಾಂಕ್ ಖಾಲಿ. ಕಾರಣ ಎರಡೇ: ಕರೆಂಟ್ ಹೋಗಿ ಮೋಟರ್ ಓಡಲಿಲ್ಲ, ಇಲ್ಲವೇ ನಲ್ಲಿಯಲ್ಲಿ ನೀರೇ ಬಂದಿಲ್ಲ. ಕರೆಂಟ್ ಹೋಗುವ ಸಂಭವನೀಯತೆ 0.1, ನೀರು ಬಾರದಿರುವುದು 0.2. ಒಂದಕ್ಕೊಂದು ಸಂಬಂಧ ಇಲ್ಲ ಎಂದಿಟ್ಟುಕೊಳ್ಳಿ. (ಪಂಪ್‌ಹೌಸ್‌ಗೂ ಕರೆಂಟ್ ಬೇಕಲ್ವಾ ಅಂತ ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಾನೆ. ಕೇಳಲೇಬೇಕು. ಆಗ ಇನ್ನೊಂದು ಬಾಣ ಹಾಕುತ್ತೇವೆ.) ಎರಡರಲ್ಲಿ ಒಂದಾದರೂ ಸಾಕು, ಟ್ಯಾಂಕ್ ಖಾಲಿ.

ಟ್ಯಾಂಕ್ ಖಾಲಿ ಇರುವ ಸಂಭವನೀಯತೆ 1 ಕಳೆ 0.9 ಗುಣಿಸು 0.8, ಅಂದರೆ 0.28. ಖಾಲಿ ಎಂದು ಕಣ್ಣಾರೆ ನೋಡಿದ ಮೇಲೆ ಕರೆಂಟ್ ಹೋಗಿರುವ ಸಂಭವನೀಯತೆ 0.1 ಭಾಗ 0.28, ಸುಮಾರು 0.36. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು "ಇವತ್ತು ನಲ್ಲಿ ನೀರೇ ಬಿಟ್ಟಿಲ್ಲ" ಅನ್ನುತ್ತಾರೆ, ಅದು ನಿಜವೂ ಹೌದು. ಈಗ ಕರೆಂಟ್ ಮೇಲಿನ ಅನುಮಾನ ಮತ್ತೆ 0.1ಕ್ಕೇ ಇಳಿಯಿತು. ಸಂಬಂಧವೇ ಇಲ್ಲದ ಎರಡು ಕಾರಣಗಳು ಪರಿಣಾಮ ಕಂಡೊಡನೆ ಒಂದಕ್ಕೊಂದು ಸಂಬಂಧಿಕರಾದವು! ಇದನ್ನು ಕೈಯಾರೆ ಮಾಡಿದವರು ಕೊಲೈಡರ್ ಮರೆಯುವುದಿಲ್ಲ. ನಿಯಮ ಉರು ಹೊಡೆದವರು ಪರೀಕ್ಷೆಯ ಹಿಂದಿನ ರಾತ್ರಿ ಮರೆಯುತ್ತಾರೆ.

ನಿಮಗೆ ಒಂದು ಹೋಂವರ್ಕ್. ಟ್ಯಾಂಕನ್ನು ನೀವು ನೋಡಿಲ್ಲ. ಮೇಲಿನ ಮನೆಯ ಅಜ್ಜ "ಖಾಲಿ" ಎಂದು ಕೂಗಿದರು. ಖಾಲಿ ಇದ್ದಾಗ ಅವರು ಕೂಗುವ ಸಂಭವನೀಯತೆ 0.9, ಖಾಲಿ ಇಲ್ಲದಿದ್ದರೂ ಕೂಗುವುದು 0.1. ಈಗ ಕರೆಂಟ್ ಹೋಗಿರುವ ಸಂಭವನೀಯತೆ ಎಷ್ಟು?

ಭಾಷೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಜೋರಾಗಿ ಹೇಳಿಕೊಂಡು ನೋಡಿ. "ಇದು ಗೊತ್ತಿದ್ದ ಮೇಲೆ ಅದು ಗೊತ್ತಾದರೂ ಇನ್ನೊಂದರ ಬಗ್ಗೆ ಹೊಸದಾಗಿ ಏನೂ ತಿಳಿಯುವುದಿಲ್ಲ" ಎಂದು ಹೇಳಲು ಬಂದರೆ ಕಂಡಿಷನಲ್ ಇಂಡಿಪೆಂಡೆನ್ಸ್ ಬಂದ ಹಾಗೆ. ನಾನೂ ಕನ್ನಡ ಮೀಡಿಯಮ್ಮೇ. ಇನ್ನೊಂದು ಮಾತು. ಸ್ಯಾಂಪ್ಲಿಂಗ್ ಪಾಠಕ್ಕೆ ಬಂದಾಗ "ರಾವ್-ಬ್ಲ್ಯಾಕ್‌ವೆಲ್" ಎಂಬ ಹೆಸರು ಸಿಗುತ್ತದೆ. ಆ ರಾವ್, ಸಿ.ಆರ್. ರಾವ್, 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

ಉತ್ತರ 3: ಬೆಂಗಳೂರಿನ ಕಂಪನಿಯಲ್ಲಿ ಕೆಲಸ, ಆರು ವರ್ಷದ ಹಿಂದೆ ಓದಿದ್ದು

ಮೇಷ್ಟ್ರು ಪೆನ್ನಿನ ಬಗ್ಗೆ ಹೇಳಿದರು. ನಾನು ಕೋಡ್ ಬಗ್ಗೆ ಹೇಳುತ್ತೇನೆ, ನನ್ನ ಸೆಮಿಸ್ಟರ್ ಹಾಳಾಗಿದ್ದು ಅಲ್ಲೇ.

ಹಿಡನ್ ಮಾರ್ಕೋವ್ ಮಾಡೆಲ್‌ನ ಫಾರ್ವರ್ಡ್ ಆಲ್ಗರಿದಂ ಬರೆಯಬೇಕಿತ್ತು. (ಕಣ್ಣಿಗೆ ಕಾಣದ ಸ್ಥಿತಿಗಳ ಸರಪಳಿ ಆ ಮಾಡೆಲ್. ಕಂಡ ಡೇಟಾದ ಸಂಭವನೀಯತೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವುದು ಈ ಆಲ್ಗರಿದಂ.) ಸಣ್ಣ ಉದಾಹರಣೆಗೆ ಉತ್ತರ ಸರಿ ಬಂತು. ನಿಜವಾದ ಡೇಟಾ ಕೊಟ್ಟರೆ ಎಲ್ಲ ಸೊನ್ನೆ, ಆಮೇಲೆ ಎಲ್ಲ "ನ್ಯಾನ್", ಅಂದರೆ ಇದು ಸಂಖ್ಯೆಯೇ ಅಲ್ಲ ಅನ್ನುವ ಗುರುತು. ಎರಡು ರಾತ್ರಿ ಫಾರ್ಮುಲಾದಲ್ಲಿ ತಪ್ಪು ಹುಡುಕಿದೆ. ಫಾರ್ಮುಲಾ ಸರಿಯಾಗಿಯೇ ಇತ್ತು. ಹೆಜ್ಜೆಗೊಂದರಂತೆ 0.1ರ ಸುತ್ತಿನ ಸಂಖ್ಯೆಗಳನ್ನು 400 ಸಲ ಗುಣಿಸಿದರೆ ಸೊನ್ನೆ ಪಾಯಿಂಟ್ ಆದಮೇಲೆ ಸುಮಾರು 400 ಸೊನ್ನೆ ಬರುತ್ತದೆ. ಕಂಪ್ಯೂಟರಿನ ಡಬಲ್‌ಗೆ 324ನೇ ಸ್ಥಾನದ ಆಚೆ ಕಣ್ಣು ಕಾಣಿಸುವುದಿಲ್ಲ. ಅದು ಸುಮ್ನೆ ಸೊನ್ನೆ ಅಂದುಬಿಡುತ್ತದೆ. ಎಲ್ಲವನ್ನೂ ಲಾಗ್‌ನಲ್ಲಿ ಮಾಡಿ, ಕೂಡುವಾಗ ಲಾಗ್-ಸಮ್-ಎಕ್ಸ್‌ಪ್ ಬಳಸಿ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಆ ಎರಡು ರಾತ್ರಿ ನಿದ್ದೆಯಾದರೂ ಸಿಗುತ್ತಿತ್ತು.

ಆಮೇಲೆ ಎರಡು ಅಭ್ಯಾಸ ಮಾಡಿಕೊಂಡೆ. ವೇರಿಯಬಲ್ ಎಲಿಮಿನೇಶನ್ ಆಗಲಿ, ಬಿಲೀಫ್ ಪ್ರೊಪಗೇಶನ್ ಆಗಲಿ (ಎರಡೂ ಗ್ರಾಫ್ ಹಿಡಿದು ಸಂಭವನೀಯತೆ ಲೆಕ್ಕ ಹಾಕುವ ವಿಧಾನ), ಬರೆದ ಕೂಡಲೇ ಐದು ನೋಡ್‌ನ ಗ್ರಾಫ್ ಮೇಲೆ ಓಡಿಸುವುದು. ಐದು ನೋಡ್ ಅಂದರೆ 32 ಸಾಲು. ಅಷ್ಟನ್ನೂ ಮೊಂಡಾಗಿ ಕೂಡಿ ಉತ್ತರ ತಾಳೆ ನೋಡುವುದು. ತಾಳೆಯಾಗದಿದ್ದರೆ ಮುಂದೆ ಹೋಗುವಂತಿಲ್ಲ. ಲೂಪ್ ಇರುವ ಗ್ರಾಫ್‌ನಲ್ಲಿ ಬಿಲೀಫ್ ಪ್ರೊಪಗೇಶನ್ ಉತ್ತರ ಅಂದಾಜು ಮಾತ್ರ, ಅಲ್ಲಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ಲೂಪ್ ಇಲ್ಲದ ಕಡೆ ಬಂದರೆ ಅದು ನಿಮ್ಮದೇ ತಪ್ಪು.

ಎರಡನೆಯದು ಇಎಂ ಆಲ್ಗರಿದಂಗೆ, ಅಂದರೆ ಕಾಣದ ಸಂಗತಿಗಳಿದ್ದಾಗ ಸುತ್ತು ಸುತ್ತಾಗಿ ಮಾಡೆಲ್ ಹೊಂದಿಸುವ ವಿಧಾನಕ್ಕೆ. ಪ್ರತಿ ಸುತ್ತಿನ ಲೈಕ್ಲಿಹುಡ್ (ಮಾಡೆಲ್ ಪ್ರಕಾರ ಈ ಡೇಟಾ ಬರುವುದು ಎಷ್ಟು ಸಂಭವ ಎನ್ನುವ ಅಳತೆ) ಪ್ರಿಂಟ್ ಮಾಡಿ. ಅದು ಏರಬೇಕು, ಇಲ್ಲ ನಿಂತಲ್ಲೇ ನಿಲ್ಲಬೇಕು. ಒಂದು ಸಲ ಇಳಿದರೂ ಕೋಡ್‌ನಲ್ಲಿ ಬಗ್ ಇದೆ, ಚರ್ಚೆಯೇ ಬೇಡ. ಗಾಸಿಯನ್ ಮಿಕ್ಸ್ಚರ್‌ನಲ್ಲಿ ವಿಪರೀತ ಏರಿದರೂ ಅನುಮಾನ ಪಡಿ. ಒಂದು ಗುಂಪು ಒಂದೇ ಪಾಯಿಂಟ್ ಮೇಲೆ ಹೋಗಿ ಕೂತು ವೇರಿಯನ್ಸ್ ಸೊನ್ನೆ ಆಗುತ್ತಿರುತ್ತದೆ.

ಪೈಥಾನ್‌ನಲ್ಲಿ ಪಿಜಿಎಂಪೈ ಲೈಬ್ರರಿ ಇದೆ, ಉತ್ತರ ತಾಳೆ ನೋಡಲು ಚೆನ್ನಾಗಿದೆ. ಆದರೆ ಮೊದಲು ಸ್ವಂತ ಬರೆಯಿರಿ.

ಉತ್ತರ 4: ವೈದ್ಯಕೀಯ ಡೇಟಾ ಮೇಲೆ ಕೆಲಸ ಮಾಡುವವರು

ಎಲ್ಲರೂ ಪಿಜಿಎಂ ಬಗ್ಗೆಯೇ ಹೇಳುತ್ತಿದ್ದೀರಿ. ಇನ್ನೊಂದು ಪೇಪರ್ ಪಾಪ ಅನಾಥವಾಗಿದೆ.

ಸ್ಟ್ಯಾಟಿಸ್ಟಿಕಲ್ ಲರ್ನಿಂಗ್‌ಗೆ ಹೇಸ್ಟಿ, ಟಿಬ್ಶಿರಾನಿ, ಫ್ರೀಡ್‌ಮನ್ ಮೂವರ ಪುಸ್ತಕ ಸಾಕು. ಅದರ ಪಿಡಿಎಫ್ ಕೂಡ ಪುಕ್ಕಟೆ. (ಈ ಫ್ರೀಡ್‌ಮನ್ ಬೇರೆ, ಆ ಫ್ರೀಡ್‌ಮನ್ ಬೇರೆ. ನಾನು ಒಂದು ತಿಂಗಳು ಒಬ್ಬರೇ ಅಂದುಕೊಂಡಿದ್ದೆ.) 3, 4, 7ನೇ ಅಧ್ಯಾಯ ಗಟ್ಟಿ ಮಾಡಿಕೊಳ್ಳಿ. ಅದರಲ್ಲೂ 7ರಲ್ಲಿ ಕ್ರಾಸ್-ವ್ಯಾಲಿಡೇಶನ್ (ಡೇಟಾದ ಒಂದು ಪಾಲು ಬದಿಗಿಟ್ಟು ಉಳಿದದ್ದರಿಂದ ಕಲಿತು, ಇಟ್ಟ ಪಾಲಿನ ಮೇಲೆ ಪರೀಕ್ಷಿಸುವುದು) ತಪ್ಪಾಗಿ ಮಾಡುವ ಬಗೆ ಯಾವುದು ಎಂದು ಒಂದು ಭಾಗ ಇದೆ. 50 ಸ್ಯಾಂಪಲ್, 5000 ಫೀಚರ್, ಲೇಬಲ್‌ಗೂ ಫೀಚರ್‌ಗೂ ಸಂಬಂಧವೇ ಇಲ್ಲ. ಅಂದರೆ ನಿಜವಾದ ತಪ್ಪಿನ ಪ್ರಮಾಣ ಶೇ. 50. ಆದರೆ ಮೊದಲೇ ಎಲ್ಲ ಡೇಟಾ ನೋಡಿ ಒಳ್ಳೆಯ 100 ಫೀಚರ್ ಆರಿಸಿಕೊಂಡು ಆಮೇಲೆ ಕ್ರಾಸ್-ವ್ಯಾಲಿಡೇಶನ್ ಮಾಡಿದರೆ ಶೇ. 3 ಎಂದು ತೋರಿಸುತ್ತದೆ.

ಅದನ್ನು ಓದಿ ನಕ್ಕಿದ್ದೆ, ಇಂಥ ತಪ್ಪು ಯಾರು ಮಾಡುತ್ತಾರೆ ಎಂದು. ಎಂಟು ತಿಂಗಳಾದ ಮೇಲೆ ನನ್ನ ಥೀಸಿಸ್‌ನಲ್ಲಿ ನಾನೇ ಮಾಡಿದೆ. ರಿಸಲ್ಟ್ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಗೈಡ್‌ಗೆ ಸ್ವೀಟ್ ಕೊಡಿಸಿದ್ದೆ. ಅವರು ಸ್ವೀಟ್ ತಿಂದು, "ಫೀಚರ್ ಯಾವಾಗ ಆರಿಸಿದೆ?" ಎಂದು ಒಂದೇ ಪ್ರಶ್ನೆ ಕೇಳಿದರು. ಮೂರು ತಿಂಗಳ ಕೆಲಸ ಅಲ್ಲಿಗೆ ಹೋಯಿತು.

ಇನ್ನು, ಎರಡೂ ಒಟ್ಟಿಗೆ ಬೇಡ ಅಂದ ಸೀನಿಯರ್ ಮಾತು ನಾನು ಒಪ್ಪುವುದಿಲ್ಲ. ನೇವ್ ಬೇಯ್ಸ್ ಅಲ್ಲಿ ಓದುತ್ತೀರಿ, ಲಾಜಿಸ್ಟಿಕ್ ರಿಗ್ರೆಶನ್ ಇಲ್ಲಿ. ಎರಡೂ ಒಂದೇ ಜೋಡಿಯ ಎರಡು ಮುಖ. ಅದೇ ಜೋಡಿಯನ್ನು ಸರಣಿಗೆ ಎಳೆದರೆ ಒಂದು ಕಡೆ ಹಿಡನ್ ಮಾರ್ಕೋವ್ ಮಾಡೆಲ್, ಇನ್ನೊಂದು ಕಡೆ 2001ರಲ್ಲಿ ಬಂದ ಕಂಡಿಷನಲ್ ರ‍್ಯಾಂಡಮ್ ಫೀಲ್ಡ್. ಎರಡು ನೋಟ್‌ಬುಕ್ ಇಡಬೇಡಿ, ಒಂದೇ ಇಡಿ.

ಉತ್ತರ 5: ಇವರೂ ಎಲೆಕ್ಟ್ರಾನಿಕ್ಸ್

ನೀವು ಎಲೆಕ್ಟ್ರಾನಿಕ್ಸ್‌ನವರು, ಅರ್ಧ ದಾರಿ ಆಗಲೇ ನಡೆದಿದ್ದೀರಿ ತಮ್ಮ. ಕಮ್ಯುನಿಕೇಶನ್ ಪೇಪರಿನಲ್ಲಿ ವಿಟರ್ಬಿ ಡಿಕೋಡರ್ ಮಾಡಿದ್ದು ನೆನಪಿದೆಯಾ? 1967ರದ್ದು. ಹಿಡನ್ ಮಾರ್ಕೋವ್ ಮಾಡೆಲ್‌ನಲ್ಲಿ ಅದೇ ಬರುತ್ತದೆ. ಕಾಲ್ಮನ್ ಫಿಲ್ಟರ್ ಅಂದರೆ ಅದೇ ಸರಪಳಿ, ನೋಡ್‌ಗಳು ಗಾಸಿಯನ್. 5ಜಿಯಲ್ಲಿ ಡೇಟಾಕ್ಕೆ ಬಳಸುವ ಎಲ್‌ಡಿಪಿಸಿ ಕೋಡ್ (ದಾರಿಯಲ್ಲಿ ಆದ ತಪ್ಪು ತಿದ್ದುವ ಕೋಡ್) ಡಿಕೋಡ್ ಆಗುವುದು ಬಿಲೀಫ್ ಪ್ರೊಪಗೇಶನ್‌ನಿಂದಲೇ. ಗೊತ್ತಿರುವುದರಿಂದ ಶುರು ಮಾಡಿ, ಪುಸ್ತಕದ ಕ್ರಮಕ್ಕೆ ಕಟ್ಟುಬೀಳಬೇಡಿ.

ಡೀಪ್ ಲರ್ನಿಂಗ್ ಬಗ್ಗೆ: ಕೆಲಸದ ಇಂಟರ್‌ವ್ಯೂನಲ್ಲಿ ಜಂಕ್ಷನ್ ಟ್ರೀ (ಪಿಜಿಎಂನ ಇನ್ನೊಂದು ಲೆಕ್ಕದ ವಿಧಾನ) ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ವೇರಿಯೇಶನಲ್ ಆಟೋಎನ್‌ಕೋಡರ್‌ನಲ್ಲಿ, ಡಿಫ್ಯೂಶನ್ ಮಾಡೆಲ್‌ನಲ್ಲಿ ಬರುವ ಲೋವರ್ ಬೌಂಡ್ (ಲೈಕ್ಲಿಹುಡ್ ಇದಕ್ಕಿಂತ ಕೆಳಗೆ ಇರಲಾರದು ಎನ್ನುವ ಮಿತಿ) ನೀವು ಇಎಂ ಪಾಠದಲ್ಲಿ ನೋಡುವುದೇ. ನಮ್ಮ ಟೀಮಿನಲ್ಲಿ ಪಿಜಿಎಂ ಓದದವರು ಆ ಸಾಲನ್ನು ನಂಬಿಕೊಂಡು ಮುಂದೆ ಹೋಗುತ್ತಾರೆ. ಓದಿದವರು ಅದನ್ನು ಬಿಚ್ಚಿ ನೋಡುತ್ತಾರೆ, ಬೇಕಾದರೆ ಬದಲಾಯಿಸುತ್ತಾರೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಾನೂ ಇಬ್ಬರು ಫ್ರೀಡ್‌ಮನ್ ಒಬ್ಬರೇ ಅಂದುಕೊಂಡಿದ್ದೆ. ಮೇಷ್ಟ್ರೇ, ಹೋಂವರ್ಕ್ ಮಾಡಿದೆ. ಅಜ್ಜ ಕೂಗಿದ ಮೇಲೆ ಕರೆಂಟ್ ಹೋಗಿರುವ ಸಂಭವನೀಯತೆ 0.09 ಭಾಗ 0.252, ಅಂದರೆ 0.36. ಸರಿನಾ?

ಉತ್ತರ 2ರ ಮೇಷ್ಟ್ರು

ಮೇಲಿನ 0.09 ಸರಿ. ಉತ್ತರ ತಪ್ಪು. ಟ್ಯಾಂಕನ್ನು ಕಣ್ಣಾರೆ ನೋಡಿದಾಗಲೂ 0.36, ಅಜ್ಜ ಕೂಗಿದ್ದು ಕೇಳಿದಾಗಲೂ 0.36 ಅಂದರೆ ಅನುಮಾನ ಬರಬೇಕಿತ್ತಲ್ವಾ? ಅಜ್ಜನನ್ನು ಅಷ್ಟು ನಂಬಿಬಿಟ್ಟಿರಿ.

ಕೇಳಿದವರು

ಟ್ಯಾಂಕ್ ತುಂಬಿದ್ದಾಗಲೂ ಅಜ್ಜ ಕೂಗುವುದನ್ನು ಬಿಟ್ಟುಬಿಟ್ಟಿದ್ದೆ ಸರ್. 0.72 ಗುಣಿಸು 0.1, ಅದೊಂದು 0.072 ಸೇರಬೇಕು. ಕೆಳಗೆ 0.324. ಉತ್ತರ 0.28. ಪಕ್ಕದ ಮನೆಯವರು ನೀರು ಬಿಟ್ಟಿಲ್ಲ ಅಂದಮೇಲೆ ಇಲ್ಲೂ 0.1ಕ್ಕೇ ಇಳಿಯಿತು. ಅಂದರೆ ಟ್ಯಾಂಕ್ ನೋಡದೇ ಇದ್ದರೂ, ಅದರ ಕೆಳಗಿನ ನೋಡ್ ಗೊತ್ತಾದರೆ ಸಾಕು, ಎರಡು ಕಾರಣಗಳ ನಡುವಿನ ದಾರಿ ತೆರೆದುಕೊಳ್ಳುತ್ತದೆ. ಅಸೈನ್‌ಮೆಂಟಿನ ಮೊದಲ ಪ್ರಶ್ನೆ ಇದೇ ಆಗಿತ್ತು ಸರ್!